ಹಳೆಯ ಬೆಳ್ಳಿ ರೂಪಾಯಿಗೆ ಬೆಲೆ ಕಟ್ಟುವುದು ಹೇಗೆ

ಪೆಟ್ಟಿಗೆಯ ತಳದಲ್ಲೋ ದೇವರ ಮನೆಯ ಬಟ್ಟಲಲ್ಲೋ ಉಳಿದುಬಂದ ಬೆಳ್ಳಿ ನಾಣ್ಯಕ್ಕೆ ಎರಡು ಬೆಲೆ ಇರುತ್ತದೆ. ಒಂದು, ಕರಗಿಸಿದರೆ ಸಿಗುವ ಬೆಳ್ಳಿಯದು. ಇನ್ನೊಂದು, ಸಂಗ್ರಾಹಕರು ಕೊಡುವುದು. ಮೊದಲನೆಯದನ್ನು ಯಾರನ್ನೂ ಕೇಳದೆ ಮನೆಯಲ್ಲೇ ಲೆಕ್ಕ ಹಾಕಬಹುದು. ಅದು ಗೊತ್ತಿಲ್ಲದೆ ಎರಡನೆಯದರ ಹಿಂದೆ ಬೀಳಬಾರದು. ಮನೆಗಳಲ್ಲಿ ಸಿಗುವ ಬ್ರಿಟಿಷ್ ಕಾಲದ ರೂಪಾಯಿಗಳಲ್ಲಿ ಬಹುಪಾಲು ಬೆಳ್ಳಿಯ ಬೆಲೆಗೆ ಸ್ವಲ್ಪ ಮೇಲೆ ಮಾತ್ರ ಹೋಗುತ್ತವೆ. ಅಪರೂಪಕ್ಕೆ ಒಂದೆರಡು ಅದರ ಹಲವು ಪಟ್ಟು ಬಾಳುತ್ತವೆ, ಆ ಒಂದೆರಡು ಉಳಿದವುಗಳ ಜೊತೆ ತಕ್ಕಡಿಗೆ ಹೋಗದಂತೆ ನೋಡಿಕೊಳ್ಳುವುದೇ ಇಲ್ಲಿನ ಕೆಲಸ.

ಏನು ಮಾಡುವುದಕ್ಕೂ ಮೊದಲು: ತೊಳೆಯಬೇಡಿ, ತಿಕ್ಕಬೇಡಿ. ಹುಣಸೆಹಣ್ಣು, ವಿಭೂತಿ, ಪಾತ್ರೆ ಪುಡಿ, ಟೂತ್‌ಪೇಸ್ಟ್, ಬೆಳ್ಳಿ ಡಿಪ್ ಯಾವುದೂ ಬೇಡ. ದೀಪಕ್ಕೆ ಮಾಡುವ ಉಪಚಾರ ನಾಣ್ಯಕ್ಕೆ ಸಲ್ಲದು. ಪುಡಿ ಹಾಕಿ ತಿಕ್ಕಿದಾಗ ಬೀಳುವ ಕೂದಲೆಳೆಯಂಥ ಗೀರುಗಳು ಬರಿಗಣ್ಣಿಗೆ ಕಾಣದಿದ್ದರೂ ವ್ಯಾಪಾರಿಯ ಮಸೂರಕ್ಕೆ ತಕ್ಷಣ ಕಾಣುತ್ತವೆ. ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾದ ಉಪಾಯ ಕಪ್ಪನ್ನು ತೆಗೆಯುತ್ತದೆ ನಿಜ, ಆದರೆ ಸವೆದ ನಾಣ್ಯಕ್ಕೆ ಒಗ್ಗದ ಬಿಳಿಚಿದ ಹೊಳಪನ್ನೂ ಕೊಡುತ್ತದೆ. ಸಮನಾಗಿ ಹರಡಿದ ಬೂದು, ಕಂದು ಅಥವಾ ನೀಲಿ ಛಾಯೆಯ ಕಪ್ಪಿಗೆ ಸಂಗ್ರಾಹಕರು ಹೆಚ್ಚೇ ಕೊಡುತ್ತಾರೆ. ಅರಿಸಿನ, ಕುಂಕುಮ, ಎಣ್ಣೆ ಮೆತ್ತಿ ಇಸವಿಯೇ ಕಾಣದಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಕೆಲವು ನಿಮಿಷ ನೆನೆಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ತೆಗೆದು, ಮೆತ್ತನೆ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಒರೆಸಬಾರದು. ಅಸಿಟೋನ್ ಬೆಂಕಿಗೆ ಬೇಗ ಹೊತ್ತಿಕೊಳ್ಳುವ ದ್ರವ, ಕಿಟಕಿ ತೆರೆದು, ದೀಪ ಒಲೆಗಳಿಂದ ದೂರ ಕೂತು ಮಾಡಿ.

ಬೇಕಾದ ಸಾಮಾನು ಕಡಿಮೆ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ತೂಕದ ಯಂತ್ರ (ಅಡುಗೆಮನೆಯದು 1 ಗ್ರಾಂ ಲೆಕ್ಕದ್ದು, ಅದು ಸಾಲದು), ಒಂದು ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ಹಿಗ್ಗಿಸುವ ಮಸೂರ, ಒಂದು ಗಟ್ಟಿ ಅಯಸ್ಕಾಂತ, ತೆಳುವಾದ ನೈಲಾನ್ ದಾರ. ಯಂತ್ರ ಸರಿಯಿದೆಯೇ ಎಂದು ನೋಡಲು ಈಗ ಚಲಾವಣೆಯಲ್ಲಿರುವ ಎರಡು ಬಣ್ಣದ 10 ರೂಪಾಯಿ ನಾಣ್ಯವನ್ನೇ ಇಡಿ. 7.7 ಗ್ರಾಂ ಆಸುಪಾಸು ತೋರಿಸಬೇಕು.

ಯಾವ ನಾಣ್ಯ ಎಂದು ಗುರುತಿಸುವುದು

ಬ್ರಿಟಿಷ್ ಸರ್ಕಾರದ ರೂಪಾಯಿಗಳನ್ನು ಮುಖ ನೋಡಿಯೇ ವಿಂಗಡಿಸಬಹುದು. ಗಡ್ಡವಿದ್ದು ಕಿರೀಟವಿಲ್ಲದವನು ಏಳನೇ ಎಡ್ವರ್ಡ್, ಅವನ ರೂಪಾಯಿಗಳ ಮೇಲೆ 1903ರಿಂದ 1910ರವರೆಗಿನ ಇಸವಿ. ಗಡ್ಡವೂ ಕಿರೀಟವೂ ಇರುವವನು ಐದನೇ ಜಾರ್ಜ್. ಕಿರೀಟವಿದ್ದು ಗಡ್ಡವಿಲ್ಲದವನು ಆರನೇ ಜಾರ್ಜ್. ರಾಣಿ ಒಬ್ಬಳೇ, ವಿಕ್ಟೋರಿಯಾ. 1840 ಎಂದು ಬರೆದವುಗಳಲ್ಲಿ ಕಿರೀಟವಿಲ್ಲದ ಎಳೆಯ ಮುಖ, 1862ರಿಂದ ಮುಂದೆ ಕಿರೀಟ ಧರಿಸಿದ ಎದೆಮಟ್ಟದ ಚಿತ್ರ. 1877ರಿಂದ ಅವಳ ಹೆಸರಿನ ಮುಂದೆ ಕ್ವೀನ್ ಬದಲು ಎಂಪ್ರೆಸ್ ಬಂತು. 1835ರ ಈಸ್ಟ್ ಇಂಡಿಯಾ ಕಂಪನಿ ರೂಪಾಯಿಯಲ್ಲಿ ನಾಲ್ಕನೇ ವಿಲಿಯಂ, ಅವನ ಹೆಸರಿನ ಮುಂದೆ ನಾಲ್ಕು ನೇರ ಗೆರೆಗಳಿರುತ್ತವೆ.

ನಾಣ್ಯದ ಮೇಲಿನ ಇಸವಿಯೇ ಟಂಕಿಸಿದ ಇಸವಿ ಎಂದುಕೊಳ್ಳಬೇಡಿ. 1840 ಎಂಬ ಅಂಕಿಯನ್ನು 1862 ಬರುವವರೆಗೂ ಬದಲಿಸಲಿಲ್ಲ. 1862 ಎಂಬ ಅಂಕಿ 1874ರವರೆಗೂ ಮುಂದುವರಿಯಿತು, ನಡುವಿನ ವರ್ಷಗಳನ್ನು ಗುರುತಿಸಲು ಇಸವಿಯ ಕೆಳಗೂ ಮೇಲಿನ ಹೂವಿನ ಕೆಳಗೂ ಸಣ್ಣ ಚುಕ್ಕಿಗಳನ್ನಿಟ್ಟರು. ಹಾಗಾಗಿ 1862ರ ರೂಪಾಯಿ ಕೈಗೆ ಬಂದರೆ ಮಸೂರ ಹಿಡಿದು ಚುಕ್ಕಿ ಎಣಿಸುವುದು ಮೊದಲ ಕೆಲಸ. ಕೆಲವು ಚುಕ್ಕಿಗಳ ಜೋಡಿ ಸಾಮಾನ್ಯ, ಕೆಲವು ವಿರಳ. 1840ರದರಲ್ಲಿ ರಾಣಿಯ ಹೆಸರು ತಲೆಯ ಸುತ್ತ ಒಂದೇ ಸಾಲಾಗಿ ಬಂದಿದೆಯೋ, ಎರಡು ಬದಿಗೆ ಒಡೆದು ನಿಂತಿದೆಯೋ ನೋಡಬೇಕು. ಹಿಂಬದಿಯ ಎಲೆಮಾಲೆಯಲ್ಲಿನ ಕಾಯಿಗಳನ್ನೂ ಎಣಿಸುವವರಿದ್ದಾರೆ. ಹುಚ್ಚು ಅನ್ನಿಸಬಹುದು, ಆದರೆ ಹರಾಜು ಪಟ್ಟಿಗಳಲ್ಲಿ ನಾಣ್ಯವನ್ನು ಕರೆಯುವುದೇ ಆ ಲೆಕ್ಕದಲ್ಲಿ.

ಅಂಕಿಯ ಗೊಂದಲ ಇನ್ನೊಂದು ಕಡೆಯೂ ಇದೆ. ಗಾಂಧಿ ಶತಮಾನೋತ್ಸವಕ್ಕೆ 1969ರಲ್ಲಿ ಬಂದ ನಾಣ್ಯಗಳ ಮೇಲೆ 1969 ಎಂಬ ಅಂಕಿಯೇ ಇಲ್ಲ. ಇರುವುದು 1869–1948. ಅದನ್ನು ನೋಡಿ ನೂರೈವತ್ತು ವರ್ಷದ ನಾಣ್ಯ ಎಂದು ನಂಬಿದವರು ಕಡಿಮೆಯಲ್ಲ. ಆ ಸರಣಿಯಲ್ಲಿ 10 ರೂಪಾಯಿಯದು ಮಾತ್ರ ಬೆಳ್ಳಿ, 1 ರೂಪಾಯಿ ಮತ್ತು 50 ಪೈಸೆ ನಿಕ್ಕಲ್, ಹಳದಿ ಬಣ್ಣದ 20 ಪೈಸೆ ಅಲ್ಯೂಮಿನಿಯಂ ಕಂಚು.

ತೂಕ ಮತ್ತು ಶುದ್ಧತೆ

ಬ್ರಿಟಿಷ್ ರೂಪಾಯಿಯ ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ. ಹಳಬರು ಬೆಳ್ಳಿ ಬಂಗಾರ ತೂಗಲು ರೂಪಾಯಿಯನ್ನೇ ತೂಕದ ಬಟ್ಟಾಗಿ ಬಳಸುತ್ತಿದ್ದುದು ಇದೇ ಕಾರಣಕ್ಕೆ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ತಾಮ್ರ: 91.7 ಟಚ್. ಟಚ್ ಎಂದರೆ ನೂರು ಪಾಲಿನಲ್ಲಿ ಶುದ್ಧ ಬೆಳ್ಳಿ ಎಷ್ಟು ಎಂಬ ಲೆಕ್ಕ. ನೆನಪಿಡಬೇಕಾದ ಅಳತೆಗಳು ಇಷ್ಟು:

ರೂಪಾಯಿ (1835–1939): 11.66 ಗ್ರಾಂ, ಅಗಲ ಸುಮಾರು 30.5 ಮಿ.ಮೀ., 91.7 ಟಚ್, ಶುದ್ಧ ಬೆಳ್ಳಿ 10.69 ಗ್ರಾಂ
ಎಂಟಾಣೆ: 5.83 ಗ್ರಾಂ, ಶುದ್ಧ ಬೆಳ್ಳಿ 5.34 ಗ್ರಾಂ
ನಾಲ್ಕಾಣೆ, ಅಂದರೆ ಪಾವಲಿ: 2.92 ಗ್ರಾಂ, ಶುದ್ಧ ಬೆಳ್ಳಿ 2.67 ಗ್ರಾಂ
ಎರಡಾಣೆ (1917ರವರೆಗೆ ಮಾತ್ರ ಬೆಳ್ಳಿ): 1.46 ಗ್ರಾಂ, ಶುದ್ಧ ಬೆಳ್ಳಿ 1.34 ಗ್ರಾಂ
ರೂಪಾಯಿ (1940–1945): ತೂಕ ಅದೇ 11.66 ಗ್ರಾಂ, ಆದರೆ 50 ಟಚ್, ಶುದ್ಧ ಬೆಳ್ಳಿ 5.83 ಗ್ರಾಂ
ಗಾಂಧಿ 10 ರೂಪಾಯಿ: 15 ಗ್ರಾಂ, 80 ಟಚ್, ಶುದ್ಧ ಬೆಳ್ಳಿ 12 ಗ್ರಾಂ

ಈ ಪಟ್ಟಿಯಲ್ಲಿ ಹೆಚ್ಚು ಜನ ಎಡವುವುದು 1940ರ ಗೆರೆಯಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿಯನ್ನು ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ ತಾಮ್ರ 40, ನಿಕ್ಕಲ್ 5, ಸತು 5 ಪಾಲು ಬೆರೆಸಿದರು. ಗಾತ್ರ, ತೂಕ, ಮುಖ ಯಾವುದೂ ಬದಲಾಗಲಿಲ್ಲ. ಆದರೆ ಅಂಚು ಬದಲಾಯಿತು. 1939ರವರೆಗಿನ ರೂಪಾಯಿಯ ಅಂಚಿನಲ್ಲಿ ಬರೀ ಅಡ್ಡ ಹಲ್ಲುಗಳು. ನಂತರದವುಗಳಲ್ಲಿ ಹಲ್ಲುಗಳ ನಡುವೆ ಅಂಚಿನ ಉದ್ದಕ್ಕೂ ಒಂದು ತೋಡು ಓಡುತ್ತದೆ, ಖೋಟಾ ತಡೆಯಲು ತಂದದ್ದು. ಇಸವಿ ಸವೆದು ಹೋಗಿದ್ದರೂ ಅಂಚು ನೋಡಿ ಆರನೇ ಜಾರ್ಜ್‌ನ ರೂಪಾಯಿ ಯಾವ ಟಚ್ಚಿನದೆಂದು ಹೇಳಬಹುದು. 1940ರ ಪಾವಲಿ ಮಾತ್ರ ಎರಡೂ ಶುದ್ಧತೆಯಲ್ಲಿ ಬಂದಿದೆ, ಅದನ್ನು ಪರೀಕ್ಷಿಸದೆ ಲೆಕ್ಕಕ್ಕೆ ಸೇರಿಸಬೇಡಿ.

1947ರ ರೂಪಾಯಿಯಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ಒಂದು ಬದಿ ಆರನೇ ಜಾರ್ಜ್, ಇನ್ನೊಂದು ಬದಿ ಹುಲಿ, ಪೂರ್ತಿ ನಿಕ್ಕಲ್. 1946 ಮತ್ತು 1947ರ ಹುಲಿ ಚಿತ್ರದ ಎಂಟಾಣೆ, ನಾಲ್ಕಾಣೆಗಳೂ ಹಾಗೆಯೇ. ಅಯಸ್ಕಾಂತ ಹಿಡಿದರೆ ಟಕ್ ಎಂದು ಅಂಟಿಕೊಳ್ಳುತ್ತವೆ. 50 ಟಚ್ಚಿನ ನಾಣ್ಯದಲ್ಲಿ ನಿಕ್ಕಲ್ ಇದ್ದರೂ ಅದು ಅಂಟುವುದಿಲ್ಲ. ಬಟ್ಟಲಲ್ಲಿರುವ ನಾಣ್ಯಗಳ ಮೇಲೆ ಮೊದಲು ಅಯಸ್ಕಾಂತ ಆಡಿಸಿದರೆ ಕೆಲಸ ಅರ್ಧ ಹಗುರ.

ಉತ್ತರದ ಜಿಲ್ಲೆಗಳಲ್ಲಿ, ಬೀದರ್, ಕಲಬುರಗಿ, ರಾಯಚೂರು ಕಡೆ, ನಿಜಾಮರ ಹಾಲಿ ಸಿಕ್ಕಾ ಸಿಗುತ್ತದೆ. ಚಾರ್‌ಮಿನಾರ್ ಚಿತ್ರವಿರುವ ಆ ರೂಪಾಯಿಯ ತೂಕ 11.18 ಗ್ರಾಂ, ಶುದ್ಧತೆ 81.8 ಟಚ್, ಕೊನೆಯ ವರ್ಷಗಳಲ್ಲಿ ಅದೂ 50ಕ್ಕೆ ಇಳಿಯಿತು. ಅದರ ಮೇಲಿರುವುದು ಹಿಜರಿ ವರ್ಷ. 1321 ಎಂದರೆ ಇಂಗ್ಲಿಷ್ ಲೆಕ್ಕದ 1903. ಹಿಜರಿ 1361ರಿಂದ ಈಚಿನದಾದರೆ 50 ಟಚ್ ಎಂದೇ ಹಿಡಿಯಿರಿ.

ಬೆಳ್ಳಿಯ ಬೆಲೆಯ ಲೆಕ್ಕ

ಸೂತ್ರ ಸರಳ: ಯಂತ್ರ ತೋರಿಸಿದ ತೂಕ × ಶುದ್ಧತೆ × ಆ ದಿನದ ಒಂದು ಗ್ರಾಂ ಬೆಳ್ಳಿಯ ದರ. ಪುಸ್ತಕದ 11.66 ಹಾಕಬೇಡಿ, ನಿಮ್ಮ ನಾಣ್ಯದ ತೂಕ ಹಾಕಿ. ಕೈಯಿಂದ ಕೈಗೆ ಓಡಾಡಿದ ರೂಪಾಯಿ ಸಾಮಾನ್ಯವಾಗಿ 11.4ರಿಂದ 11.6 ಗ್ರಾಂ ತೂಗುತ್ತದೆ. ಪತ್ರಿಕೆಯಲ್ಲಿ ಬರುವ ದರ ಒಂದು ಕಿಲೋ 999 ಬೆಳ್ಳಿಯದು, ಸಾವಿರದಿಂದ ಭಾಗಿಸಿಕೊಳ್ಳಿ. ಅದರಲ್ಲಿ 3% ಜಿಎಸ್‌ಟಿ ಸೇರಿದೆಯೇ ಎಂದು ನೋಡಿ. ಕೊಳ್ಳುವವರು ಕಟ್ಟುವ ಆ ತೆರಿಗೆ, ಮಾರುವ ನಿಮ್ಮ ಕೈಗೆ ಬರುವುದಿಲ್ಲ.

ಉದಾಹರಣೆಗೆ ಒಂದು ಡಬ್ಬಿ. ಐದನೇ ಜಾರ್ಜ್‌ನ 9 ರೂಪಾಯಿ, ಒಟ್ಟು ತೂಕ 104.1 ಗ್ರಾಂ. 1941–45ರ 4 ರೂಪಾಯಿ, 46.4 ಗ್ರಾಂ. 3 ಎಂಟಾಣೆ, 17.3 ಗ್ರಾಂ. 6 ಪಾವಲಿ, 17.2 ಗ್ರಾಂ. ಗಾಂಧಿ 10 ರೂಪಾಯಿ ಒಂದು, 15 ಗ್ರಾಂ. ಎಂಟಾಣೆ, ಪಾವಲಿಗಳೆಲ್ಲ ಐದನೇ ಜಾರ್ಜ್‌ನವು. ಶುದ್ಧ ಬೆಳ್ಳಿ ಕ್ರಮವಾಗಿ 95.46, 23.2, 15.86, 15.77 ಮತ್ತು 12 ಗ್ರಾಂ, ಕೂಡಿದರೆ 162.29 ಗ್ರಾಂ. ಲೆಕ್ಕದ ಸುಲಭಕ್ಕೆ ಗ್ರಾಂಗೆ 100 ರೂ. ಎಂದಿಟ್ಟುಕೊಂಡರೆ 16,229 ರೂ.

ಇದೇ ಡಬ್ಬಿಯನ್ನು ವಿಂಗಡಿಸದೆ ಅಂಗಡಿಯ ತಕ್ಕಡಿಗೆ ಸುರಿದರೆ ಒಟ್ಟು 200 ಗ್ರಾಂ. "ಹಳೇ ಬೆಳ್ಳಿ, ಎಪ್ಪತ್ತು ಟಚ್ ಹಿಡಿಯೋಣ" ಎಂದರೆ ಕೈಗೆ ಬರುವುದು 14,000. ಅಂಗಡಿಯವರು ಮೋಸ ಮಾಡಿದರೆಂದಲ್ಲ. ಕಲಬೆರಕೆ ರಾಶಿಗೆ ಅವರು ಕೆಳಗಿನ ಅಂದಾಜನ್ನೇ ಹಿಡಿಯುವುದು ರೂಢಿ. ವಿಂಗಡಿಸಿ, ಪ್ರತಿ ಗುಂಪಿನ ತೂಕ ಬರೆದುಕೊಂಡು ಹೋಗಿ, "ಇವು 91.7ರವು, ಎಷ್ಟು ಟಚ್ ಹಿಡಿಯುತ್ತೀರಿ, ಕರಗಿಸುವುದಕ್ಕೆ ಎಷ್ಟು ಕಳೆಯುತ್ತೀರಿ" ಎಂದು ಎರಡೂ ಪ್ರಶ್ನೆಯನ್ನು ಬೇರೆ ಬೇರೆಯಾಗಿ ಕೇಳಿ. ದರ ಒಂದೇ ಹೇಳಿದರೂ ಟಚ್ಚಿನಲ್ಲಿ ವ್ಯತ್ಯಾಸ ಮಾಡುವುದುಂಟು.

ಅಸಲಿಯೋ ನಕಲಿಯೋ

ದೀಪಾವಳಿ, ವರಮಹಾಲಕ್ಷ್ಮಿ ಹಬ್ಬಗಳಿಗೆಂದು ವಿಕ್ಟೋರಿಯಾ, ಐದನೇ ಜಾರ್ಜ್ ತಲೆಗಳ ಬಿಲ್ಲೆಗಳನ್ನು ಇವತ್ತಿಗೂ ಹೊಸದಾಗಿ ಒತ್ತಿ ಮಾರುತ್ತಾರೆ. ಕೆಲವು ಒಳ್ಳೆಯ ಬೆಳ್ಳಿಯವೇ, ಕೆಲವು ಜರ್ಮನ್ ಸಿಲ್ವರ್ (ಹೆಸರಿಗೆ ಸಿಲ್ವರ್, ಬೆಳ್ಳಿಯೇ ಇಲ್ಲದ ತಾಮ್ರ, ನಿಕ್ಕಲ್, ಸತುವಿನ ಬೆರಕೆ) ಮೇಲೆ ಬೆಳ್ಳಿ ನೀರು ಕುಡಿಸಿದವು. ಮೊದಲ ಜರಡಿ ತೂಕ ಮತ್ತು ಅಗಲ. ಅಂಚು ಪೂರ್ತಿಯಿರುವ, ಹೊಸದರಂತೆ ಚೂಪಾದ ಗೆರೆಗಳಿರುವ ರೂಪಾಯಿ 10.8 ಗ್ರಾಂ ತೂಗಿದರೆ ಅದು ಟಂಕಸಾಲೆಯದಲ್ಲ. ಗೆರೆಗಳೆಲ್ಲ ಸವೆದಿದ್ದರೂ 11.66 ಸರಿಯಾಗಿ ತೂಗಿದರೆ ಅದೂ ಅನುಮಾನಕ್ಕೆ ಕಾರಣವೇ, ಸವೆದದ್ದು ಹಗುರಾಗಿರಬೇಕು.

ತೂಕವನ್ನು ಹೊಂದಿಸಿ ಮಾಡಿದ ನಕಲಿಗಳಿಗೆ ನೀರಿನ ಪರೀಕ್ಷೆ. ಮುಕ್ಕಾಲು ಲೋಟ ನೀರನ್ನು ಯಂತ್ರದ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ನೈಲಾನ್ ದಾರದಲ್ಲಿ ಕಟ್ಟಿ ನೀರೊಳಗೆ ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ತೂಗುಹಾಕಿ ಹಿಡಿಯಿರಿ. ಯಂತ್ರ ತೋರಿಸುವುದು ನಾಣ್ಯ ತಳ್ಳಿದ ನೀರಿನ ತೂಕ. ನಾಣ್ಯದ ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. 11.66 ಗ್ರಾಂ ರೂಪಾಯಿ 91.7 ಟಚ್ಚಿನದಾದರೆ ನೀರಿನ ಅಂಕಿ 1.13, ಸಾಂದ್ರತೆ 10.3. 50 ಟಚ್ಚಿನದಾದರೆ 1.22, ಸಾಂದ್ರತೆ 9.5. ಜರ್ಮನ್ ಸಿಲ್ವರ್ ಆದರೆ 1.34 ಆಸುಪಾಸು. ಹಾಲಿ ಸಿಕ್ಕಾ ಮತ್ತು ಗಾಂಧಿ ನಾಣ್ಯ 10.1–10.2.

ಇಲ್ಲಿ ತಪ್ಪುವ ಕಡೆಗಳು ಮೂರು. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆ ನೀರಿನ ಅಂಕಿಯನ್ನು ಹೆಚ್ಚಿಸಿ ಒಳ್ಳೆಯ ಬೆಳ್ಳಿಯನ್ನೂ ಕಳಪೆಯಂತೆ ತೋರಿಸುತ್ತದೆ. ದಾರ ಅಲುಗಾಡಿಸಿ ಗುಳ್ಳೆ ಬಿಡಿಸಿ. ನಾಣ್ಯ ತಳ ಮುಟ್ಟಿದರೆ ಯಂತ್ರ ಅದರ ಪೂರ್ತಿ ಭಾರವನ್ನೇ ತೋರಿಸುತ್ತದೆ. ಇನ್ನು ಎರಡಾಣೆಯಂಥ ಚಿಕ್ಕದು ತಳ್ಳುವ ನೀರು ಬರೀ 0.14 ಗ್ರಾಂ, ಯಂತ್ರದ ಒಂದು ಅಂಕಿಯ ಏರುಪೇರಿಗೇ ಉತ್ತರ ಪೂರ್ತಿ ಬದಲಾಗುತ್ತದೆ. ಅಂಥವನ್ನು ಹತ್ತಿಪ್ಪತ್ತು ಒಟ್ಟಿಗೆ ಕಟ್ಟಿ ತೂಗಬೇಕು.

ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ ಸದ್ದು ಕೇಳುವ ಹಳೆಯ ಪದ್ಧತಿಯಿಂದ ಅಂಚು ಜಜ್ಜುತ್ತದೆ. ಬೆರಳ ತುದಿಯ ಮೇಲೆ ನಿಲ್ಲಿಸಿ ಇನ್ನೊಂದು ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟಿದರೂ ಸಾಕು: ಒಳ್ಳೆಯ ಬೆಳ್ಳಿ ಉದ್ದಕ್ಕೆ ಗುಂಯ್‌ಗುಡುತ್ತದೆ, ಸೀಸ ತುಂಬಿದ್ದು ಟೊಪ್ ಎಂದು ನಿಲ್ಲುತ್ತದೆ. ಕೊಂಡಿ ಬೆಸೆದದ್ದು, ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಅಸಲಿಯಾದರೂ ಸದ್ದು ಮಾಡುವುದಿಲ್ಲ, ಹಾಗಾಗಿ ಇದೊಂದನ್ನೇ ನಂಬಬಾರದು.

ಆಭರಣದಂಗಡಿಯ ಎಕ್ಸ್‌ಆರ್‌ಎಫ್ ಯಂತ್ರ ನಾಣ್ಯಕ್ಕೆ ಗಾಯ ಮಾಡದೆ ಟಚ್ ಹೇಳುತ್ತದೆ, ಆದರೆ ಅದು ಓದುವುದು ಮೇಲುಪದರವನ್ನು ಮಾತ್ರ. ದಪ್ಪ ಬೆಳ್ಳಿ ಲೇಪದ ನಕಲಿಯನ್ನು ಅದು ಒಳ್ಳೆಯ ಬೆಳ್ಳಿಯೆಂದೇ ಹೇಳೀತು. 50 ಟಚ್ಚಿನ ರೂಪಾಯಿಯ ಮೈಯಲ್ಲೂ ತಾಮ್ರ ಕಡಿಮೆಯಾಗಿ ಬೆಳ್ಳಿ ಹೆಚ್ಚಾಗಿರುವುದರಿಂದ ಅಂಕಿ ನಿಜಕ್ಕಿಂತ ಮೇಲೆ ಬರಬಹುದು. ನೀರಿನ ಪರೀಕ್ಷೆ ಮತ್ತು ಯಂತ್ರ ಎರಡೂ ಒಂದೇ ಮಾತು ಹೇಳಿದರೆ ನಂಬಿ. ಒರೆಗಲ್ಲಿಗೆ ಉಜ್ಜಲು, ಅಂಚಿಗೆ ಅರ ಹಾಕಲು ಮಾತ್ರ ಬಿಡಬೇಡಿ, ಕರಗಿಸಲೆಂದೇ ಕೊಡುತ್ತಿರುವುದನ್ನು ಬಿಟ್ಟು.

ಎರಕ ಹೊಯ್ದ ನಕಲಿಯನ್ನು ಮಸೂರ ಹಿಡಿಯುತ್ತದೆ. ಅಕ್ಷರಗಳ ಬುಡ ಚೂಪಾಗಿರದೆ ಕರಗಿದಂತೆ ಗುಂಡಗಾಗಿರುತ್ತದೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ ಅಥವಾ ಅದನ್ನು ಅರದಿಂದ ತೆಗೆದ ಗುರುತು. ಒತ್ತಿದ ನಾಣ್ಯದ ಅಂಚಿನ ಹಲ್ಲುಗಳು ಸಮ ಅಂತರದಲ್ಲಿರುತ್ತವೆ.

ಬೆಳ್ಳಿಗಿಂತ ಹೆಚ್ಚು ಬಾಳುವುದು ಯಾವುದು

ಹಳೆಯದಾದಷ್ಟೂ ದುಬಾರಿ ಎಂಬುದು ತಪ್ಪು. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನ ಹುಡುಕುತ್ತಿದ್ದಾರೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಮೊದಲ ಮಹಾಯುದ್ಧದ ಕೊನೆಗೆ ರೂಪಾಯಿಗೆ ವಿಪರೀತ ಬೇಡಿಕೆ ಬಂದು, ಅಮೆರಿಕದಿಂದ ಬೆಳ್ಳಿ ಕೊಂಡು ತಂದು ಟಂಕಿಸಿದರು. 1918 ಮತ್ತು 1919ರಲ್ಲಿ ಮುಂಬೈ, ಕಲ್ಕತ್ತಾ ಎರಡೂ ಟಂಕಸಾಲೆ ಸೇರಿ ವರ್ಷಕ್ಕೆ 40 ಕೋಟಿಗೂ ಮೀರಿ ರೂಪಾಯಿ ಹೊರಬಂದವು. ನೂರು ವರ್ಷ ದಾಟಿದರೂ ಅವು ಹೇರಳ. ಸವೆದವಾದರೆ ಬೆಳ್ಳಿಯ ಬೆಲೆಯೇ. ಅದೇ 1922ರ ರೂಪಾಯಿ ಮುಂಬೈಯಲ್ಲಿ ಮಾತ್ರ, ಅದೂ ಕಡಿಮೆ ಸಂಖ್ಯೆಯಲ್ಲಿ ಬಂತು. 1921ರದೂ ಮುಂಬೈಯದೇ. ಈ ಎರಡು ಇಸವಿ ಕಂಡರೆ ಪಕ್ಕಕ್ಕಿಡಿ.

1911ರ ರೂಪಾಯಿಯ ಕತೆ ಬೇರೆ. ಐದನೇ ಜಾರ್ಜ್‌ನ ನಿಲುವಂಗಿಯ ಮೇಲೊಂದು ಪುಟ್ಟ ಆನೆಯಿದೆ. ಆ ವರ್ಷದ ಅಚ್ಚಿನಲ್ಲಿ ಸೊಂಡಿಲು ಮೊಟಕಾಗಿ ಆನೆ ಹಂದಿಯಂತೆ ಕಂಡಿತು, ಜನ ಆಕ್ಷೇಪಿಸಿದರು, ಸರ್ಕಾರ ಹೊರಬಿಡದೆ ಉಳಿದ ದಾಸ್ತಾನನ್ನು ಕರಗಿಸಿ 1912ರಿಂದ ಆನೆಯನ್ನು ತಿದ್ದಿಸಿತು. "ಹಂದಿ ರೂಪಾಯಿ" ಎಂದೇ ಹೆಸರಾದ ಇದಕ್ಕೆ ಬೇಡಿಕೆ ಯಾವತ್ತೂ ಇದೆ. ಇಸವಿ 1911 ಎಂದಿದ್ದರೆ ಸಾಕು, ಬೇರೆ ಗುರುತು ಬೇಡ.

ಎಲ್ಲಕ್ಕಿಂತ ಹೆಸರುವಾಸಿ 1939ರ ರೂಪಾಯಿ, ಆದ್ದರಿಂದಲೇ ನಕಲಿಯೂ ಹೆಚ್ಚು. 91.7 ಟಚ್ಚಿನ ಕೊನೆಯ ರೂಪಾಯಿ ಇದು, ಮುಂಬೈಯದು, ಬಹುತೇಕ ಕರಗಿಹೋದವು. ಅಂಚಿನಲ್ಲಿ ತೋಡು ಇರಬಾರದು, ನೀರಿನ ಪರೀಕ್ಷೆಯಲ್ಲಿ 10.3 ಬರಬೇಕು, ಕೊನೆಯ 9ರ ಸುತ್ತ ಕೆತ್ತಿದ ಅಥವಾ ಬೆಸೆದ ಗುರುತಿರಬಾರದು. ಇಷ್ಟು ದಾಟಿದರೂ ತಿಳಿದವರ ಕೈಯಲ್ಲಿ ಪರೀಕ್ಷೆಯಾಗದೆ ಬೆಲೆ ಮಾತಾಡಬೇಡಿ.

ಟಂಕಸಾಲೆಯ ಗುರುತೂ ಬೆಲೆ ಬದಲಿಸುತ್ತದೆ. ಐದನೇ ಜಾರ್ಜ್‌ನ ರೂಪಾಯಿಯಲ್ಲಿ ಇಸವಿಯ ಕೆಳಗೆ ಸಣ್ಣ ಚುಕ್ಕಿಯಿದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕಲ್ಕತ್ತಾ. 1943–45ರ ಕೆಲವು ಬೆಳ್ಳಿ ನಾಣ್ಯಗಳಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಇರುತ್ತದೆ, ಅವು ಲಾಹೋರಿನವು. ಎಂಪ್ರೆಸ್ ರೂಪಾಯಿಗಳಲ್ಲಿ ಬಿ ಅಥವಾ ಸಿ ಅಕ್ಷರವನ್ನು ಹುಡುಕಿ. ಕೂದಲಷ್ಟು ಸಣ್ಣದು, ಓರೆ ಬೆಳಕಿನಲ್ಲಿ ತಿರುಗಿಸಿದರೆ ಕಾಣುತ್ತದೆ.

ಪರ್ಷಿಯನ್ ಲಿಪಿ ಮಾತ್ರ ಇರುವ, ದಪ್ಪಗೆ ಅಂಕುಡೊಂಕಾದ ಬೆಳ್ಳಿ ಸಿಕ್ಕರೆ ತಕ್ಕಡಿಯ ಹತ್ತಿರವೂ ಒಯ್ಯಬೇಡಿ. ಅದು ಟಿಪ್ಪುವಿನ ಇಮಾಮಿ ರೂಪಾಯಿ ಇರಬಹುದು, ಅದರ ಎರಡರಷ್ಟು ತೂಗುವ ಹೈದರಿ ಇರಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರು ರೂಪಾಯಿಯೂ ಹಾಗೆಯೇ ಕಾಣುತ್ತದೆ, ಅದರ ಮೇಲಿರುವುದು ಮೊಗಲ್ ಬಾದಶಹ ಷಾ ಆಲಂನ ಹೆಸರು, ಟಂಕಸಾಲೆಯ ಹೆಸರು ಮಹಿಸೂರ್. ಕನ್ನಡದ ಒಂದಕ್ಷರವೂ ಇಲ್ಲವೆಂದು ಬೇರೆ ಊರಿನದೆಂದು ತಿಳಿದು ಕರಗಿಸಿಬಿಟ್ಟವರಿದ್ದಾರೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು, ಆಮೇಲೆ ಇಲ್ಲೂ ನಡೆದದ್ದು ಕಂಪನಿಯ ರೂಪಾಯಿಯೇ. ಟಿಪ್ಪುವಿನ ನಾಣ್ಯಗಳಲ್ಲಿ ಪ್ರವಾದಿಯ ಜನ್ಮದಿಂದ ಎಣಿಸುವ ಮೌಲೂದಿ ವರ್ಷಗಳಿವೆ. 1215ರಿಂದ ಮುಂದಿನ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಇಲ್ಲದಿದ್ದರೆ 5121 ಎಂಬ ಅರ್ಥವಿಲ್ಲದ ವರ್ಷ ಬರುತ್ತದೆ.

ಸ್ಥಿತಿಯನ್ನು ಅಳೆಯುವುದು ನಾಣ್ಯದ ಎತ್ತರದ ಭಾಗಗಳಲ್ಲಿ, ಮೊದಲು ಸವೆಯುವುದು ಅವೇ. ರಾಣಿಯಾದರೆ ಕಿರೀಟದ ಹರಳುಗಳು ಮತ್ತು ಉಡುಪಿನ ಹೂಬಳ್ಳಿ. ಎಡ್ವರ್ಡ್ ಆದರೆ ಕಿವಿ ಮತ್ತು ಅದರ ಮೇಲಿನ ಕೂದಲು. ಐದನೇ ಜಾರ್ಜ್ ಆದರೆ ನಿಲುವಂಗಿಯ ಆನೆ ಮತ್ತು ಸರದ ಕೊಂಡಿಗಳು. ಆನೆ ಬರೀ ಉಬ್ಬಿನಂತಾಗಿದ್ದರೆ ಸಾಮಾನ್ಯ ಸ್ಥಿತಿ. ಆನೆಯ ಕಾಲು, ಸೊಂಡಿಲು ಬೇರೆ ಬೇರೆ ಕಂಡರೆ ವ್ಯಾಪಾರಿಗಳು ವಿಎಫ್ (ವೆರಿ ಫೈನ್) ಎನ್ನುವ ಮಟ್ಟ ಅಥವಾ ಅದಕ್ಕಿಂತ ಮೇಲೆ. ಸವೆತವೇ ಇಲ್ಲದೆ, ತಿರುಗಿಸಿದಾಗ ಬೆಳಕು ಚಕ್ರದಂತೆ ಸುತ್ತಿದರೆ ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್, ಚಲಾವಣೆ ಕಾಣದ್ದು). ಸಾಮಾನ್ಯ ಇಸವಿಯ ರೂಪಾಯಿಯೂ ಯುಎನ್‌ಸಿಯಾದರೆ ಬೆಳ್ಳಿಯ ಹಲವು ಪಟ್ಟು ಹೋಗುತ್ತದೆ.

ತೂತು, ಬೆಸುಗೆ, ಕೊಂಡಿ ಇದ್ದರೆ ಸಂಗ್ರಾಹಕರ ಬೆಲೆ ಬಹುತೇಕ ಹೋಯಿತು. ಕಾಸಿನ ಸರದಿಂದ ಬಿಚ್ಚಿದವುಗಳಲ್ಲಿ ತೂತನ್ನು ಬೆಳ್ಳಿಯಿಂದ ಮುಚ್ಚಿ ಉಜ್ಜಿರುತ್ತಾರೆ, ಅಂಚಿನ ಹತ್ತಿರ ಗೆರೆಗಳು ಅರ್ಧಕ್ಕೆ ನಿಂತು ಮತ್ತೆ ಶುರುವಾದರೆ ಅದೇ ಎಂದು ತಿಳಿಯಿರಿ. ಬೆಸುಗೆಯ ಲೋಹ ಕಡಿಮೆ ಟಚ್ಚಿನದು, ಲೆಕ್ಕದಲ್ಲಿ ಅದರ ತೂಕ ಕಳೆಯಬೇಕು. ಆದರೆ ಲಂಬಾಣಿ ಒಡವೆಗಳಂತೆ ನಾಣ್ಯ ಪೋಣಿಸಿದ ಹಳೆಯ ಆಭರಣ ಇಡಿಯಾಗಿದ್ದರೆ ಕೊಂಡಿ ಕತ್ತರಿಸಬೇಡಿ. ಆಭರಣವಾಗಿಯೇ ಅದನ್ನು ಕೊಳ್ಳುವವರು ಬೇರೆ, ಬಿಡಿಸಿದ ಮೇಲೆ ಉಳಿಯುವುದು ತೂತಿನ ನಾಣ್ಯ ಮಾತ್ರ.

ಬೆಲೆ ಕೇಳುವುದು, ಮಾರುವುದು

ಮಾರುವವರು ಹೇಳುವ ಬೆಲೆ ಬೇರೆ, ನಿಜಕ್ಕೂ ಮಾರಾಟವಾದ ಬೆಲೆ ಬೇರೆ. ನೋಡಬೇಕಾದದ್ದು ಎರಡನೆಯದನ್ನು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ತೋಡಿವಾಲಾ ಆಕ್ಷನ್ಸ್‌ನಂಥ ಹರಾಜು ಸಂಸ್ಥೆಗಳ ಹಳೆಯ ಹರಾಜುಗಳಲ್ಲಿ ನಿಮ್ಮದೇ ಇಸವಿ, ಅದೇ ಟಂಕಸಾಲೆ, ಅದೇ ಸ್ಥಿತಿಯ ನಾಣ್ಯ ಎಷ್ಟಕ್ಕೆ ಹೋಯಿತೆಂದು ಮೂರ್ನಾಲ್ಕು ಕಡೆ ನೋಡಿ. ಒಂದೇ ಒಂದು ದೊಡ್ಡ ಅಂಕಿಗೆ ಮರುಳಾಗಬೇಡಿ, ಇಬ್ಬರು ಹಠಕ್ಕೆ ಬಿದ್ದ ದಿನದ ಬೆಲೆ ಅದಿರಬಹುದು. ಆ ಅಂಕಿಯ ಮೇಲೆ ಕೊಂಡವರು ಕಮಿಷನ್ ಮತ್ತು ತೆರಿಗೆ ಕಟ್ಟಿರುತ್ತಾರೆ, ಕೆಳಗೆ ಮಾರಿದವರಿಂದಲೂ ಕಮಿಷನ್ ಕಳೆದಿರುತ್ತದೆ. ವ್ಯಾಪಾರಿಗೆ ನೇರವಾಗಿ ಕೊಟ್ಟರೆ ಅವನ ಲಾಭ, ನಾಣ್ಯ ಮಾರಾಟವಾಗುವವರೆಗೆ ಸಿಕ್ಕಿಕೊಳ್ಳುವ ಅವನ ಹಣ ಎರಡನ್ನೂ ಬಿಟ್ಟೇ ಬೆಲೆ ಹೇಳುತ್ತಾನೆ.

ಹಾಗಾಗಿ ಸಾಮಾನ್ಯ ಇಸವಿಯ ಸವೆದ ರೂಪಾಯಿಗಳನ್ನು ಹರಾಜಿಗೆ ಕಳಿಸುವುದರಲ್ಲಿ ಅರ್ಥವಿಲ್ಲ, ಖರ್ಚೇ ತಿನ್ನುತ್ತದೆ. ಅವನ್ನು ಇಬ್ಬರು ಮೂವರು ನಾಣ್ಯ ವ್ಯಾಪಾರಿಗಳಿಗೆ ತೋರಿಸಿ, ಬೆಳ್ಳಿಯ ಲೆಕ್ಕಕ್ಕಿಂತ ಕೆಳಗೆ ಯಾರೂ ಹೋಗದಂತೆ ನೋಡಿಕೊಂಡು ಕೊಡಿ. ಕರಗಿಸುವ ಅಂಗಡಿ ಕೊನೆಯ ಬಾಗಿಲು: ತೂತಿನವು, ಬೆಸೆದವು, ತೀರಾ ಸವೆದ 50 ಟಚ್ಚಿನವು ಅಲ್ಲಿಗೆ.

ಫೋಟೊ ಕಳಿಸುವಾಗ ಎರಡೂ ಬದಿ, ಅಂಚು, ಯಂತ್ರದ ಮೇಲಿಟ್ಟ ತೂಕ, ನಾಲ್ಕೂ ಕಳಿಸಿ. ಫ್ಲ್ಯಾಷ್ ಬೇಡ, ಬದಿಯಿಂದ ಬೀಳುವ ಕಿಟಕಿಯ ಬೆಳಕು ಸಾಕು.

"ಹಳೆಯ ನಾಣ್ಯ ಕೊಡಿ, ಲಕ್ಷ ಲಕ್ಷ ಗಳಿಸಿ" ಎನ್ನುವ ಜಾಹೀರಾತುಗಳಿಗೆ ಒಂದೇ ಗುರುತು: ಅವರು ನಿಮ್ಮಿಂದ ಮೊದಲು ಹಣ ಕೇಳುತ್ತಾರೆ. ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಹೆಸರು ಮಾತ್ರ ಬದಲಾಗುತ್ತದೆ. ರಿಸರ್ವ್ ಬ್ಯಾಂಕ್ ಹೆಸರು ಬಳಸಿ ಹೀಗೆ ವಂಚಿಸುವುದು ನಡೆದಿದೆ, ತಾನು ಇಂಥ ವ್ಯವಹಾರದಲ್ಲಿಲ್ಲ, ಇದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಈಸ್ಟ್ ಇಂಡಿಯಾ ಕಂಪನಿ ಹೆಸರು, 1818 ಎಂಬ ಇಸವಿ, ಹಿಂಬದಿಯಲ್ಲಿ ರಾಮ ಪಟ್ಟಾಭಿಷೇಕ ಅಥವಾ ಹನುಮಂತ ಇರುವ ಬಿಲ್ಲೆಗಳೂ ಇದೇ ಸಾಲಿನವು. ಕಂಪನಿ ಅಂಥ ನಾಣ್ಯ ಹೊರಡಿಸಿಲ್ಲ. ಅಕ್ಕಿಯನ್ನು ಎಳೆಯುತ್ತದೆ, ಕೋಟಿ ಬಾಳುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇಟ್ಟುಕೊಳ್ಳುವುದಾದರೆ ಮೆತ್ತನೆಯ ಪಿವಿಸಿ ಲಕೋಟೆ ಬೇಡ, ಕೆಲವು ವರ್ಷಗಳಲ್ಲಿ ಹಸಿರು ಅಂಟು ಬಿಟ್ಟು ಮೈ ತಿನ್ನುತ್ತದೆ. ರಬ್ಬರ್ ಬ್ಯಾಂಡ್, ವೃತ್ತಪತ್ರಿಕೆಯ ಸುತ್ತು ಗಂಧಕದಿಂದ ಕಪ್ಪು ಮಾಡುತ್ತವೆ. ಆಮ್ಲರಹಿತ ಕಾಗದದ ಲಕೋಟೆ ಅಥವಾ ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿಯಿರುವ ರಟ್ಟಿನ ಚೌಕ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ. ಹಿಡಿಯುವುದು ಅಂಚಿನಲ್ಲಿ ಮಾತ್ರ, ಬೆರಳಿನ ಬೆವರು ಅಚ್ಚಾಗಿ ಉಳಿಯುತ್ತದೆ.

ಕಾನೂನಿನ ಎರಡು ಮಾತು. ಹೊಲ ಉಳುವಾಗ, ಹಳೆಯ ಮನೆಯ ಪಾಯ ಅಗೆಯುವಾಗ ಸಿಕ್ಕ ನಾಣ್ಯಗಳು ಮನೆಯ ಆಸ್ತಿಯಾಗುವುದಿಲ್ಲ. ನಿಧಿಯ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟು ಮಾರುವುದು ಅಪರಾಧ. ಇನ್ನು ಅಜ್ಜಿಯ ರೂಪಾಯಿಗಳನ್ನು ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮೊಮ್ಮಕ್ಕಳಿಗೆ ಕಳಿಸುವ ಆಸೆ ಬಹಳ ಮನೆಗಳಲ್ಲಿದೆ. ನೂರು ವರ್ಷ ತುಂಬಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಅಂಚೆಯಲ್ಲಿ ಕಳಿಸುವಂತಿಲ್ಲ. 1922ರ ಮೇಲೆ ಐದನೇ ಜಾರ್ಜ್‌ನ ಹೆಸರಿನ ರೂಪಾಯಿ ಚಲಾವಣೆಗೆ ಬರಲಿಲ್ಲವಾದ್ದರಿಂದ ಅವನ ರೂಪಾಯಿಗಳೆಲ್ಲ ಈಗ ಆ ಗೆರೆ ದಾಟಿವೆ. 1938ರಿಂದ ಈಚಿನ ಆರನೇ ಜಾರ್ಜ್‌ನವು ಇನ್ನೂ ದಾಟಿಲ್ಲ. ಅವನ್ನು ಒಯ್ಯುವುದಾದರೂ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಬರಬಹುದು. ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದು, ನಾಣ್ಯಗಳ ಜೊತೆಗೇ ಇಟ್ಟುಕೊಳ್ಳಿ.